ಖಾಲಿ ಮುಚ್ಚಳ ಕೊಡೋದು ಹೆಂಗೆ?

ಹೂಂ ಅನ್ನಿ. ನೀವು ಹೂಂ ಅಂದರೆ ಕಥೆ ನಡೆಯುತ್ತದೆ. ಹೂಂ ನಿಂತರೆ ಕಥೆಯೂ ನಿಂತುಬಿಡುತ್ತದೆ.

ಸಾಲುಮನೆ ಬೀದಿ ಅಂತ ಒಂದು ಬೀದಿ. ಬೀದಿಯ ಈ ತುದಿಯಲ್ಲಿ ಸೀಬಜ್ಜಿಯ ಮನೆ. ಸೀಬಜ್ಜಿಗೆ ಸಾರು ಇಲ್ಲದಿದ್ದರೂ ನಡೆಯುತ್ತದೆ. ಪಲ್ಯ ಇಲ್ಲದಿದ್ದರೂ ನಡೆಯುತ್ತದೆ. ಮೊಸರು ಇಲ್ಲದಿದ್ದರೆ ಮಾತ್ರ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಒಂದು ಬೆಳಿಗ್ಗೆ ಅಜ್ಜಿ ಹಾಲು ಕಾಯಿಸಿದಳು. ಆರಲು ಇಟ್ಟಳು. ಮೇಲೆ ಒಂದು ತಟ್ಟೆ ಮುಚ್ಚಿದಳು. ದಿನವೂ ಹಾಗೇ ಮಾಡುತ್ತಿದ್ದಳು. ಆದರೆ ನಿನ್ನೆಯಷ್ಟೇ ಆ ಬೀದಿಗೆ ಒಂದು ಹೊಸ ಬೆಕ್ಕು ಬಂದಿತ್ತು. ಬೆಕ್ಕು ಕಿಟಕಿಯಿಂದ ಇಳಿಯಿತು. ತಟ್ಟೆಯನ್ನು ಮೂತಿಯಿಂದ ತಳ್ಳಿತು. ತಟ್ಟೆ ಠಣಠಣ ಉರುಳಿತು.

"ಹುಶ್!" ಎಂದಳು ಅಜ್ಜಿ. ಬೆಕ್ಕು ಕಿಟಕಿಗೆ ಹಾರಿತು. ಅಲ್ಲೇ ಕೂತಿತು. ತನಗೇನೂ ಅವಸರವಿಲ್ಲ ಎಂಬಂತೆ ಮೀಸೆ ನೆಕ್ಕಿಕೊಂಡಿತು.

"ನಿನಗೆ ತಟ್ಟೆ ಸಾಲದು. ಮುಚ್ಚಳವೇ ಬೇಕು" ಎಂದಳು ಅಜ್ಜಿ.

ಆ ಪಾತ್ರೆಗೆ ಒಂದು ಮುಚ್ಚಳ ಇತ್ತು. ಬಿಗಿಯಾದ ಮುಚ್ಚಳ. ಹಾಕಿದರೆ ಟಕ್, ತೆಗೆದರೆ ಟಕ್. ಅಜ್ಜಿ ಒಲೆಯ ಹಿಂದೆ ನೋಡಿದಳು. ಇಲ್ಲ. ಗೂಡಿನಲ್ಲಿ ನೋಡಿದಳು. ಇಲ್ಲ. ಅಕ್ಕಿ ಡಬ್ಬದ ಸಂದಿಯಲ್ಲಿ ನೋಡಿದಳು. ಅಲ್ಲೂ ಇಲ್ಲ. ಆಮೇಲೆ ನೆನಪಾಯಿತು.

"ಪಂಕಜ! ಯುಗಾದಿ ದಿನ ಕೋಸಂಬರಿ ಮುಚ್ಚೋಕೆ ಇಸ್ಕೊಂಡು ಹೋದೋಳು!"

ಈಗ ದೀಪಾವಳಿ ಹತ್ತಿರ ಬಂದಿತ್ತು.

ಹಾಲನ್ನು ಬಿಟ್ಟು ಹೋದರೆ ಬೆಕ್ಕು ಕುಡಿಯುತ್ತದೆ. ಬೆಕ್ಕು ಕುಡಿದರೆ ಮೊಸರಿಲ್ಲ. ಮೊಸರಿಲ್ಲದಿದ್ದರೆ ನಾಳೆ ಊಟವಿಲ್ಲ. ಅಜ್ಜಿ ಹಾಲಿನ ಪಾತ್ರೆಯನ್ನು ಸೊಂಟಕ್ಕೆ ಏರಿಸಿದಳು. ಹೊರಟಳು. ಮುಂದೆ ಅಜ್ಜಿ, ಹಿಂದೆ ಬೆಕ್ಕು.

ಪಂಕಜನದು ಪಕ್ಕದ ಮನೆ. ಪಂಕಜ ಅಂಗಳದಲ್ಲಿದ್ದಳು. ಮುಚ್ಚಳವೂ ಅಂಗಳದಲ್ಲಿತ್ತು. ಅದರಲ್ಲಿ ನೀರಿತ್ತು. ನೀರಲ್ಲಿ ಗುಬ್ಬಿಗಳು ಸ್ನಾನ ಮಾಡುತ್ತಿದ್ದವು.

"ಪಂಕಜ, ಪಂಕಜ, ನನ್ನ ಮುಚ್ಚಳ ಕೊಡು. ಮುಚ್ಚಳ ಬಂದ್ರೆ ಮೊಸರು."

"ಮ್ಯಾಂವ್" ಎಂದಿತು ಬೆಕ್ಕು.

"ಅಯ್ಯೋ ಅಜ್ಜಿ, ಇವತ್ತೇ ತಂದುಕೊಡೋಣ ಅಂತಿದ್ದೆ!" ಎಂದಳು ಪಂಕಜ. "ನೀವೇ ಬಂದ್ಬಿಟ್ರಿ!"

"ಬಂದೆನಲ್ಲ. ಕೊಡು."

"ಖಾಲಿ ಮುಚ್ಚಳ ಕೊಡೋದು ಹೆಂಗೆ? ಮರ್ಯಾದೆ ಬೇಡ್ವಾ?"

ಸಾಲುಮನೆ ಬೀದಿಯಲ್ಲಿ ಒಂದು ಪದ್ಧತಿ ಇತ್ತು. ಇಸ್ಕೊಂಡ ಪಾತ್ರೆಯನ್ನು ಖಾಲಿ ಕೊಡಬಾರದು. ಏನಾದರೂ ತಿಂಡಿ ಇಟ್ಟೇ ಕೊಡಬೇಕು. ಬಹಳ ಒಳ್ಳೆಯ ಪದ್ಧತಿ. ಅದರ ದೆಸೆಯಿಂದ ಆ ಬೀದಿಯಲ್ಲಿ ಯಾರೂ ಯಾರಿಗೂ ಏನನ್ನೂ ಹಿಂದಕ್ಕೆ ಕೊಟ್ಟಿರಲಿಲ್ಲ.

"ಮುಚ್ಚಳದ ತುಂಬ ಚಕ್ಕುಲಿ ಇಟ್ಟು ಕೊಡ್ತೀನಿ" ಎಂದಳು ಪಂಕಜ. "ಆದ್ರೆ ನನ್ನ ಚಕ್ಕುಲಿ ಒರಳು ಟೈಲರ್ ಹತ್ರ ಇದೆ. ಅದಿಲ್ದೆ ಚಕ್ಕುಲಿ ಒತ್ತೋದು ಹೆಂಗೆ?"

ಅಜ್ಜಿ ಟೈಲರ್ ಮನೆಗೆ ಹೋದಳು. ಮುಂದೆ ಅಜ್ಜಿ, ಹಿಂದೆ ಬೆಕ್ಕು.

ಟೈಲರ್ ಹೆಸರು ದೇವೋಜಿ ರಾವ್. ಅವನು ಮಿಷನ್ ತುಳಿಯುತ್ತಿದ್ದ. ಪಕ್ಕದಲ್ಲಿ ಚಕ್ಕುಲಿ ಒರಳು. ಒರಳಿನ ತುಂಬ ಗುಂಡಿಗಳು. ಅಂಗಿಯ ಗುಂಡಿ, ಕೋಟಿನ ಗುಂಡಿ, ಯಾವುದಕ್ಕೂ ಆಗದ ಗುಂಡಿ.

"ದೇವೋಜಿ, ದೇವೋಜಿ, ಪಂಕಜನ ಒರಳು ಕೊಡಪ್ಪ. ಒರಳು ಬಂದ್ರೆ ಚಕ್ಕುಲಿ. ಚಕ್ಕುಲಿ ಬಂದ್ರೆ ಮುಚ್ಚಳ. ಮುಚ್ಚಳ ಬಂದ್ರೆ ಮೊಸರು."

"ಮ್ಯಾಂವ್."

"ನಾನು ನಿಮ್ಮ ರವಿಕೆ ಕೇಳೋಕೆ ಬಂದ್ರಿ ಅಂದ್ಕೊಂಡೆ" ಎಂದ ದೇವೋಜಿ.

"ಅದು ಆಯ್ತಾ?"

"ಇಲ್ಲ."

"ಸರಿ, ಒರಳು ಕೊಡು."

"ಅಯ್ಯೋ, ಇವತ್ತೇ ತಂದುಕೊಡೋಣ ಅಂತಿದ್ದೆ! ಆದ್ರೆ ಖಾಲಿ ಒರಳು ಕೊಡೋದು ಹೆಂಗೆ? ಮರ್ಯಾದೆ ಬೇಡ್ವಾ? ಒರಳಿನ ತುಂಬ ರವೆಉಂಡೆ ಇಟ್ಟು ಕೊಡ್ತೀನಿ. ರವೆ ಹುರಿಯೋಕೆ ಬಾಣಲೆ ಬೇಕು. ನನ್ನ ಬಾಣಲೆ ಮೇಷ್ಟ್ರ ಮನೇಲಿದೆ."

ಅಜ್ಜಿ ಮೇಷ್ಟ್ರ ಮನೆಗೆ ಹೋದಳು. ಮುಂದೆ ಅಜ್ಜಿ, ಹಿಂದೆ ಬೆಕ್ಕು. ಹಾಲು ಒಮ್ಮೆ ಈ ಕಡೆ ತುಳುಕಿತು. ಒಮ್ಮೆ ಆ ಕಡೆ ತುಳುಕಿತು. ಬೆಕ್ಕು ಎರಡೂ ಕಡೆ ನೋಡಿತು.

ಓಂಕಾರಪ್ಪ ಮೇಷ್ಟ್ರ ಮನೆಯ ನಲ್ಲಿ ಸೋರುತ್ತಿತ್ತು. ಟಪ್. ಟಪ್. ಟಪ್. ನಲ್ಲಿಯ ಕೆಳಗೆ ಬಾಣಲೆ. ಬಾಣಲೆ ತುಂಬಿದರೆ ಮೇಷ್ಟ್ರು ಎದ್ದು ಚೆಲ್ಲುತ್ತಿದ್ದರು. ಚೆಲ್ಲಿ ಬಂದು ಕೂರುವಷ್ಟರಲ್ಲಿ ಅರ್ಧ ತುಂಬಿರುತ್ತಿತ್ತು.

"ಮೇಷ್ಟ್ರೇ, ಮೇಷ್ಟ್ರೇ, ದೇವೋಜಿ ಬಾಣಲೆ ಕೊಡಿ. ಬಾಣಲೆ ಬಂದ್ರೆ ರವೆಉಂಡೆ. ರವೆಉಂಡೆ ಬಂದ್ರೆ ಒರಳು. ಒರಳು ಬಂದ್ರೆ ಚಕ್ಕುಲಿ. ಚಕ್ಕುಲಿ ಬಂದ್ರೆ ಮುಚ್ಚಳ. ಮುಚ್ಚಳ ಬಂದ್ರೆ ಮೊಸರು."

"ಮ್ಯಾಂವ್."

"ಒಪ್ಪಿಸೋದು ಚೆನ್ನಾಗಿದೆ" ಎಂದರು ಮೇಷ್ಟ್ರು. "ಸ್ಪಷ್ಟವಾಗಿದೆ. ಇನ್ನೊಂದು ಸಲ ಹೇಳಿ, ಕೇಳೋಣ."

"ಬಾಣಲೆ ಕೊಟ್ರೆ ಹೇಳ್ತೀನಿ."

"ಅಯ್ಯೋ, ಇವತ್ತೇ ತಂದುಕೊಡೋಣ ಅಂತಿದ್ದೆ! ಆದ್ರೆ ಖಾಲಿ ಬಾಣಲೆ ಕೊಡೋದು ಹೆಂಗೆ? ಮರ್ಯಾದೆ ಬೇಡ್ವಾ? ಬಾಣಲೆ ತುಂಬ ಕೊಬ್ಬರಿ ಮಿಠಾಯಿ ಇಟ್ಟು ಕೊಡ್ತೀನಿ. ಕಾಯಿ ತುರಿಯೋಕೆ ತುರಿಮಣೆ ಬೇಕು. ನಮ್ಮ ತುರಿಮಣೆ ಬಳೆಯಂಗಡಿ ಜೈಬುನ್ನಿಸಾ ಮನೇಲಿದೆ."

ಅಜ್ಜಿ ಜೈಬುನ್ನಿಸಾ ಮನೆಗೆ ಹೋದಳು. ಮುಂದೆ ಅಜ್ಜಿ, ಹಿಂದೆ ಬೆಕ್ಕು.

ಜೈಬುನ್ನಿಸಾ ಮನೆಯ ಬಾಗಿಲಿಗೆ ಗಾಳಿ ಎಂದರೆ ಆಗದು. ಗಾಳಿ ಬಂದರೆ ಬಾಗಿಲು ಧಡಾರ್ ಎನ್ನುತ್ತದೆ. ಧಡಾರ್ ಎಂದರೆ ಬಳೆಗಳೆಲ್ಲ ಗಲಗಲ ಎನ್ನುತ್ತವೆ. ಅದಕ್ಕೆ ಅವಳು ಬಾಗಿಲಿಗೆ ಅಡ್ಡವಾಗಿ ಮೇಷ್ಟ್ರ ತುರಿಮಣೆ ಇಟ್ಟಿದ್ದಳು. ಅಜ್ಜಿ ಅದನ್ನು ದಾಟಿಯೇ ಒಳಗೆ ಬಂದಳು.

"ಜೈಬೂ, ಜೈಬೂ, ಮೇಷ್ಟ್ರ ತುರಿಮಣೆ ಕೊಡಮ್ಮ. ತುರಿಮಣೆ ಬಂದ್ರೆ ಕೊಬ್ಬರಿ ಮಿಠಾಯಿ. ಕೊಬ್ಬರಿ ಮಿಠಾಯಿ ಬಂದ್ರೆ ಬಾಣಲೆ. ಬಾಣಲೆ ಬಂದ್ರೆ ರವೆಉಂಡೆ. ರವೆಉಂಡೆ ಬಂದ್ರೆ ಒರಳು. ಒರಳು ಬಂದ್ರೆ ಚಕ್ಕುಲಿ. ಚಕ್ಕುಲಿ ಬಂದ್ರೆ ಮುಚ್ಚಳ. ಮುಚ್ಚಳ ಬಂದ್ರೆ ಮೊಸರು."

"ಮ್ಯಾಂವ್."

"ಯಾ ಅಲ್ಲಾ! ಅಜ್ಜಿ, ಇವತ್ತೇ ತಂದುಕೊಡೋಣ ಅಂತಿದ್ದೆ! ಆದ್ರೆ ಖಾಲಿ ತುರಿಮಣೆ ಕೊಡೋದು ಹೆಂಗೆ? ಮರ್ಯಾದೆ ಬೇಡ್ವಾ?"

"ತುರಿಮಣೆ ಯಾವಾಗ್ಲೂ ಖಾಲೀನೇ ಕಣೇ. ಅದರಲ್ಲಿ ಏನು ತುಂಬ್ತೀಯ?"

"ಮಣೆ ಮೇಲೆ ಶಂಕರಪೋಳಿ ಪೊಟ್ಟಣ ಇಟ್ಟು ಕೊಡ್ತೀನಿ. ಹಿಟ್ಟು ಜರಡಿ ಹಿಡೀಬೇಕು. ನನ್ನ ಜರಡಿ ಗಿರಣಿ ಚಿಕ್ಕೀರಪ್ಪನ ಹತ್ರ ಇದೆ."

ಅಜ್ಜಿ ಹಿಟ್ಟಿನ ಗಿರಣಿಗೆ ಹೋದಳು. ಮುಂದೆ ಅಜ್ಜಿ, ಹಿಂದೆ ಬೆಕ್ಕು. ಅಜ್ಜಿಯ ಸೊಂಟ ನೋಯತೊಡಗಿತು. ಬೆಕ್ಕಿಗೆ ಏನೂ ನೋಯಲಿಲ್ಲ.

ಗಿರಣಿ ಗಡಗಡ ಎನ್ನುತ್ತಿತ್ತು. ಚಿಕ್ಕೀರಪ್ಪನ ತಲೆ ಬಿಳಿ, ಹುಬ್ಬು ಬಿಳಿ, ಮೀಸೆ ಬಿಳಿ. ಮೂಲೆಯಲ್ಲಿ ಜರಡಿ ಬೋರಲು ಬಿದ್ದಿತ್ತು. ಒಳಗೆ ಕೋಳಿಮರಿಗಳು ಚಿಂವ್ ಚಿಂವ್ ಎನ್ನುತ್ತಿದ್ದವು.

"ಚಿಕ್ಕೀರಪ್ಪ, ಚಿಕ್ಕೀರಪ್ಪ, ಜೈಬೂ ಜರಡಿ ಕೊಡಪ್ಪ. ಜರಡಿ ಬಂದ್ರೆ ಶಂಕರಪೋಳಿ. ಶಂಕರಪೋಳಿ ಬಂದ್ರೆ ತುರಿಮಣೆ. ತುರಿಮಣೆ ಬಂದ್ರೆ ಕೊಬ್ಬರಿ ಮಿಠಾಯಿ. ಕೊಬ್ಬರಿ ಮಿಠಾಯಿ ಬಂದ್ರೆ ಬಾಣಲೆ. ಬಾಣಲೆ ಬಂದ್ರೆ ರವೆಉಂಡೆ. ರವೆಉಂಡೆ ಬಂದ್ರೆ ಒರಳು. ಒರಳು ಬಂದ್ರೆ ಚಕ್ಕುಲಿ. ಚಕ್ಕುಲಿ ಬಂದ್ರೆ ಮುಚ್ಚಳ. ಮುಚ್ಚಳ ಬಂದ್ರೆ ಮೊಸರು."

"ಆಂ?" ಎಂದ ಚಿಕ್ಕೀರಪ್ಪ.

ಅಜ್ಜಿ ಉಸಿರು ಎಳೆದುಕೊಂಡಳು. ಕೂಗಿ ಹೇಳಿದಳು.

"ಜರಡಿ ಬಂದ್ರೆ ಶಂಕರಪೋಳಿ! ಶಂಕರಪೋಳಿ ಬಂದ್ರೆ ತುರಿಮಣೆ! ತುರಿಮಣೆ ಬಂದ್ರೆ ಕೊಬ್ಬರಿ ಮಿಠಾಯಿ! ಕೊಬ್ಬರಿ ಮಿಠಾಯಿ ಬಂದ್ರೆ ಬಾಣಲೆ! ಬಾಣಲೆ ಬಂದ್ರೆ ರವೆಉಂಡೆ! ರವೆಉಂಡೆ ಬಂದ್ರೆ ಒರಳು! ಒರಳು ಬಂದ್ರೆ ಚಕ್ಕುಲಿ! ಚಕ್ಕುಲಿ ಬಂದ್ರೆ ಮುಚ್ಚಳ! ಮುಚ್ಚಳ ಬಂದ್ರೆ..."

ಅಷ್ಟರಲ್ಲಿ ಕರೆಂಟು ಹೋಯಿತು. ಗಿರಣಿ ಗಪ್ಪೆಂದು ನಿಂತಿತು.

"...ಮೊಸರು!" ಎಂದು ಅಜ್ಜಿ ಕಿರುಚಿದ್ದು ಬೀದಿಗೆಲ್ಲ ಕೇಳಿಸಿತು.

"ಮೊಸರು ಇಲ್ಲಿ ಸಿಗಲ್ಲ ಅಜ್ಜಿ. ಇದು ಹಿಟ್ಟಿನ ಗಿರಣಿ" ಎಂದ ಚಿಕ್ಕೀರಪ್ಪ.

"ಮ್ಯಾಂವ್" ಎಂದಿತು ಬೆಕ್ಕು, ಅಜ್ಜಿಯ ಪರವಾಗಿ.

"ಜರಡಿ ಕಣಪ್ಪ, ಜರಡಿ!"

"ಓ, ಜರಡೀನಾ? ಅಯ್ಯೋ, ಇವತ್ತೇ ತಂದುಕೊಡೋಣ ಅಂತಿದ್ದೆ! ಆದ್ರೆ ಖಾಲಿ ಜರಡಿ ಕೊಡೋದು ಹೆಂಗೆ? ಮರ್ಯಾದೆ ಬೇಡ್ವಾ? ಹಿಟ್ಟು ಹಾಕಿಕೊಟ್ರೆ ದಾರೀಲೆಲ್ಲ ಸುರಿದುಹೋಗುತ್ತೆ. ಹುರಿಗಡಲೆ ಉಂಡೆ ಇಟ್ಟು ಕೊಡ್ತೀನಿ. ಬೆಲ್ಲ ಕುಟ್ಟೋಕೆ ಕುಟ್ಟಾಣಿ ಬೇಕು. ನನ್ನ ಕುಟ್ಟಾಣಿ ಮೆಂಬರ್ ಮನೇಲಿದೆ."

ಅಜ್ಜಿ ಮೆಂಬರ್ ಮನೆಗೆ ಹೋದಳು. ಅದು ಬೀದಿಯ ಆ ತುದಿ. ಮುಂದೆ ಅಜ್ಜಿ, ಹಿಂದೆ ಬೆಕ್ಕು.

ಮೆಂಬರ್ ಪಾಲಾಕ್ಷಯ್ಯ ಜಗಲಿಯ ಮೇಲೆ ಕೂತಿದ್ದರು. ಬೀದಿಯಲ್ಲಿ ಯಾರಿಗೆ ಏನು ತೊಂದರೆ ಆದರೂ ಅವರಿಗೆ ಹೇಳಬೇಕು. ಅವರು "ನೋಡೋಣ" ಎನ್ನುತ್ತಾರೆ. ಆಮೇಲೆ ಎಲ್ಲರೂ ನೋಡುತ್ತಾ ಇರುತ್ತಾರೆ. ಅವರ ಮುಂದೆ ಹಳೆಯ ಪೇಪರ್‌ಗಳ ರಾಶಿ. ರಾಶಿ ಹಾರಬಾರದೆಂದು ಮೇಲೆ ಕುಟ್ಟಾಣಿ.

"ಮೆಂಬರೇ, ಮೆಂಬರೇ, ಚಿಕ್ಕೀರಪ್ಪನ ಕುಟ್ಟಾಣಿ ಕೊಡಿ. ಕುಟ್ಟಾಣಿ ಬಂದ್ರೆ ಕಡಲೆ ಉಂಡೆ. ಕಡಲೆ ಉಂಡೆ ಬಂದ್ರೆ ಜರಡಿ. ಜರಡಿ ಬಂದ್ರೆ ಶಂಕರಪೋಳಿ. ಶಂಕರಪೋಳಿ ಬಂದ್ರೆ ತುರಿಮಣೆ. ತುರಿಮಣೆ ಬಂದ್ರೆ ಕೊಬ್ಬರಿ ಮಿಠಾಯಿ. ಕೊಬ್ಬರಿ ಮಿಠಾಯಿ ಬಂದ್ರೆ ಬಾಣಲೆ. ಬಾಣಲೆ ಬಂದ್ರೆ ರವೆಉಂಡೆ. ರವೆಉಂಡೆ ಬಂದ್ರೆ ಒರಳು. ಒರಳು ಬಂದ್ರೆ ಚಕ್ಕುಲಿ. ಚಕ್ಕುಲಿ ಬಂದ್ರೆ ಮುಚ್ಚಳ. ಮುಚ್ಚಳ ಬಂದ್ರೆ ಮೊಸರು."

"ಮ್ಯಾಂವ್."

"ನೋಡೋಣ" ಎಂದರು ಮೆಂಬರ್.

"ನೋಡೋದೇನು? ನಿಮ್ಮ ಮುಂದೇ ಇದೆ."

ಮೆಂಬರ್ ನೋಡಿದರು. ನಿಜವಾಗಿಯೂ ಮುಂದೇ ಇತ್ತು.

"ಅಯ್ಯೋ, ಇವತ್ತೇ ಕಳಿಸಿಕೊಡೋಣ ಅಂತಿದ್ದೆ! ಆದ್ರೆ ಖಾಲಿ ಕುಟ್ಟಾಣಿ ಕೊಡೋದು ಹೆಂಗೆ? ಮೆಂಬರ್ ಆದೋನಿಗೆ ಮರ್ಯಾದೆ ಬೇಡ್ವಾ? ಕುಟ್ಟಾಣಿ ತುಂಬ ಶಾವಿಗೆ ಪಾಯಸ ಹಾಕಿ ಕೊಡ್ತೀನಿ. ಶಾವಿಗೆ ಇದೆ, ಸಕ್ಕರೆ ಇದೆ. ಕದಡೋಕೆ ಸೌಟಿಲ್ಲ."

"ನಿಮ್ಮ ಸೌಟು ಯಾವ ಪುಣ್ಯಾತ್ಮರ ಮನೇಲಿದೆ?" ಎಂದಳು ಅಜ್ಜಿ. ಅವಳ ದನಿ ಏರಿತ್ತು. "ಹೇಳಿ! ಇಸ್ಕೊಂಡಿದ್ದನ್ನ ಹಿಂದಕ್ಕೆ ಕೊಡಬೇಕು ಅನ್ನೋ ಬುದ್ಧಿ ಬೇಡ್ವಾ ಅವರಿಗೆ? ಬೈದು ಬರ್ತೀನಿ!"

"ನಿಮ್ಮ ಮನೇಲೇ ಇದೆ ಅಜ್ಜಿ" ಎಂದರು ಮೆಂಬರ್.

ಅಜ್ಜಿ ಪಾತ್ರೆಯನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿದಳು. ಬೆಕ್ಕು ಅಜ್ಜಿಯ ಮುಖ ನೋಡಿತು.

ಅಜ್ಜಿ ಮೆಲ್ಲಗೆ ಹೇಳಿದಳು: "ಅಯ್ಯೋ, ಇವತ್ತೇ ತಂದುಕೊಡೋಣ ಅಂತಿದ್ದೆ."

ಅಜ್ಜಿ ಮನೆಗೆ ಬಂದಳು. ಸೌಟು ಹಾಸಿಗೆಯ ಪಕ್ಕದಲ್ಲೇ ಇತ್ತು. ಉದ್ದ ಹಿಡಿಯ ಸೌಟು. ಅಜ್ಜಿ ಅದರಲ್ಲಿ ಬೆನ್ನು ತುರಿಸಿಕೊಳ್ಳುತ್ತಿದ್ದಳು. ಹಾಲಿನ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು, ಹುಣಸೆಹಣ್ಣು ಹಾಕಿ ಸೌಟನ್ನು ತಿಕ್ಕಿದಳು. ಬೂದಿ ಹಾಕಿ ತಿಕ್ಕಿದಳು. ಮತ್ತೆ ಹುಣಸೆಹಣ್ಣು ಹಾಕಿ ತಿಕ್ಕಿದಳು. ತೊಳೆದು, ಪಾತ್ರೆಯನ್ನು ಮತ್ತೆ ಸೊಂಟಕ್ಕೆ ಏರಿಸಿ, ಹೊಸ್ತಿಲವರೆಗೆ ಬಂದಳು. ಅಲ್ಲೇ ನಿಂತಳು.

"ಖಾಲಿ ಸೌಟು ಕೊಡೋದು ಹೆಂಗೆ?"

ಚಕ್ಕುಲಿ ಇಡೋಣ ಎಂದರೆ ಒರಳಿಲ್ಲ. ಉಂಡೆ ಇಡೋಣ ಎಂದರೆ ಬಾಣಲೆ ಇಲ್ಲ. ಮಿಠಾಯಿ ಇಡೋಣ ಎಂದರೆ ತುರಿಮಣೆ ಇಲ್ಲ. ಮನೆಯಲ್ಲಿ ಇದ್ದದ್ದು ಒಂದೇ. ಅದು ಸೊಂಟದ ಮೇಲಿತ್ತು.

ಅಜ್ಜಿ ಹಾಲನ್ನು ನೋಡಿದಳು. ಬೆಕ್ಕು ಅಜ್ಜಿಯನ್ನು ನೋಡಿತು. ಒಂದು ಸೌಟು ಹಾಲು ಹೋದರೆ ಒಂದು ಸೌಟು ಮೊಸರು ಹೋದಂತೆ. ಆದರೆ ಪೂರ್ತಿ ಮೊಸರು ಹೋಗುವುದಕ್ಕಿಂತ ಅದೇ ವಾಸಿ. ಅಜ್ಜಿ ಸೌಟನ್ನು ಹಾಲಿಗೆ ಅದ್ದಿದಳು. ತುಂಬಿದ ಸೌಟನ್ನು ಎತ್ತಿ ಹಿಡಿದಳು.

ಮತ್ತೆ ಬೀದಿ. ಸೊಂಟದಲ್ಲಿ ಪಾತ್ರೆ, ಕೈಯಲ್ಲಿ ಸೌಟು, ಕಾಲಡಿಯಲ್ಲಿ ಬೆಕ್ಕು. ಸೌಟಿನ ಹಾಲು ಚೆಲ್ಲಿದರೆ ಸೌಟು ಖಾಲಿ. ಅಜ್ಜಿ ಉಸಿರು ಬಿಗಿಹಿಡಿದಳು.

"ಎಲ್ಲಿಗೆ ಅಜ್ಜಿ?" ಎಂದಳು ಪಂಕಜ.

"ಉಂ" ಎಂದಳು ಅಜ್ಜಿ.

"ಎಲ್ಲಿಗೆ ಅಜ್ಜಿ?" ಎಂದ ದೇವೋಜಿ.

"ಉಂ."

"ಎಲ್ಲಿಗೆ ಹೊರಟಿರಿ?" ಎಂದರು ಮೇಷ್ಟ್ರು. "ಪೂರ್ಣ ವಾಕ್ಯದಲ್ಲಿ ಹೇಳಿ."

"ಉಂ!"

"ಎಲ್ಲಿಗೆ ಅಜ್ಜಿ?" ಎಂದಳು ಜೈಬುನ್ನಿಸಾ.

"ಉಂ."

"ಎಲ್ಲಿಗೆ ಅಜ್ಜಿ?" ಎಂದ ಚಿಕ್ಕೀರಪ್ಪ.

"ಉಂ."

"ಆಂ?" ಎಂದ ಚಿಕ್ಕೀರಪ್ಪ. ಕರೆಂಟು ಇನ್ನೂ ಬಂದಿರಲಿಲ್ಲ. ಆದರೂ ಅಭ್ಯಾಸ.

ಹಾಲು ನಡುಗಿತು. ಹಾಲು ಓಲಾಡಿತು. ಚೆಲ್ಲಲಿಲ್ಲ. ಅಜ್ಜಿ ಮೆಂಬರ್ ಜಗಲಿ ಮುಟ್ಟಿದಳು.

"ತಗೊಳ್ಳಿ ನಿಮ್ಮ ಸೌಟು. ಖಾಲಿ ಅಲ್ಲ!"

ಇನ್ನು ನೋಡಿ.

ಸೌಟು ಬಂತು. ಮೆಂಬರ್ ಪಾಯಸ ಕದಡಿದರು. ಕುಟ್ಟಾಣಿಗೆ ಪಾಯಸ ತುಂಬಿದರು. ಕುಟ್ಟಾಣಿ ಎತ್ತಿದ್ದೇ ತಡ, ಪೇಪರ್‌ಗಳೆಲ್ಲ ಬೀದಿಗೆ ಹಾರಿದವು. "ನೋಡೋಣ, ನೋಡೋಣ" ಎನ್ನುತ್ತಾ ಮೆಂಬರ್ ಗಿರಣಿಗೆ ಓಡಿದರು.

ಕುಟ್ಟಾಣಿ ಬಂತು. ಚಿಕ್ಕೀರಪ್ಪ ಪಾಯಸ ಕುಡಿದ, ಬೆಲ್ಲ ಕುಟ್ಟಿದ, ಕಡಲೆ ಉಂಡೆ ಕಟ್ಟಿದ. ಜರಡಿ ಎತ್ತಿದ್ದೇ ತಡ, ಕೋಳಿಮರಿಗಳು ಚಿಂವ್ ಎಂದು ಚೆದುರಿದವು. ಉಂಡೆ ತುಂಬಿದ ಜರಡಿ ಹಿಡಿದು ಚಿಕ್ಕೀರಪ್ಪ ಓಡಿದ.

ಜರಡಿ ಬಂತು. ಜೈಬುನ್ನಿಸಾ ಹಿಟ್ಟು ಜರಡಿ ಹಿಡಿದಳು, ಶಂಕರಪೋಳಿ ಕರಿದಳು, ಪೊಟ್ಟಣ ಕಟ್ಟಿದಳು. ತುರಿಮಣೆ ಎತ್ತಿದ್ದೇ ತಡ, ಬಾಗಿಲು ಧಡಾರ್, ಬಳೆ ಗಲಗಲ.

ತುರಿಮಣೆ ಬಂತು. ಮೇಷ್ಟ್ರು ಕಾಯಿ ತುರಿದರು, ಮಿಠಾಯಿ ಕೊಯ್ದರು, ಬಾಣಲೆಗೆ ತುಂಬಿದರು. ನಲ್ಲಿ ಟಪ್ ಟಪ್ ಎಂದು ನೆಲಕ್ಕೇ ಸೋರಿತು. "ಈಗ ರಿಪೇರಿ ಮಾಡಿಸಲೇಬೇಕು" ಎಂದರು ಮೇಷ್ಟ್ರು, ಬಹಳ ದುಃಖದಿಂದ.

ಬಾಣಲೆ ಬಂತು. ದೇವೋಜಿ ರವೆ ಹುರಿದ, ಉಂಡೆ ಕಟ್ಟಿದ. ಒರಳು ಬಗ್ಗಿಸಿದ್ದೇ ತಡ, ಗುಂಡಿಗಳೆಲ್ಲ ಮಂಚದ ಕೆಳಗೆ ಉರುಳಿದವು. ಅಂಗಿಯ ಗುಂಡಿ, ಕೋಟಿನ ಗುಂಡಿ, ಯಾವುದಕ್ಕೂ ಆಗದ ಗುಂಡಿ.

ಒರಳು ಬಂತು. ಪಂಕಜ ಚಕ್ಕುಲಿ ಒತ್ತಿದಳು, ಚಕ್ಕುಲಿ ಕರಿದಳು. ಮುಚ್ಚಳದ ನೀರು ಚೆಲ್ಲಿದಳು, ತೊಳೆದಳು, ಒರೆಸಿದಳು. ಗುಬ್ಬಿಗಳು ಗೋಡೆಯ ಮೇಲೆ ಸಾಲಾಗಿ ಕೂತು ಅವಳನ್ನು ಬೈದವು.

ಸೌಟು ಮೆಂಬರಿಗೆ. ಕುಟ್ಟಾಣಿ ಚಿಕ್ಕೀರಪ್ಪನಿಗೆ. ಜರಡಿ ಜೈಬುನ್ನಿಸಾಗೆ. ತುರಿಮಣೆ ಮೇಷ್ಟ್ರಿಗೆ. ಬಾಣಲೆ ದೇವೋಜಿಗೆ. ಒರಳು ಪಂಕಜನಿಗೆ. ಮುಚ್ಚಳ ಸೀಬಜ್ಜಿಗೆ. ಮುಚ್ಚಳದ ತುಂಬ ಚಕ್ಕುಲಿ.

ಅಜ್ಜಿ ಮನೆಗೆ ಬಂದಳು. ಚಕ್ಕುಲಿಯನ್ನು ತಟ್ಟೆಗೆ ಸುರಿದಳು. ಹಾಲಿಗೆ ಒಂದು ಹನಿ ಹೆಪ್ಪು ಬಿಡಬೇಕೆಂದು ಕೈ ಎತ್ತಿದಳು. ಆಗ ಬೆಕ್ಕು ಕಂಡಿತು. ಅದು ಹೊಸ್ತಿಲ ಮೇಲೆ ಕೂತಿತ್ತು. ಬೆಳಿಗ್ಗೆಯಿಂದ ಬೀದಿಯ ಆ ತುದಿಗೂ ಈ ತುದಿಗೂ ನಡೆದಿತ್ತು. ಪಾಯಸ ಸಿಗಲಿಲ್ಲ, ಉಂಡೆ ಸಿಗಲಿಲ್ಲ. ಈಗ ಮ್ಯಾಂವ್ ಎನ್ನಲೂ ಅದಕ್ಕೆ ಶಕ್ತಿ ಇರಲಿಲ್ಲ.

"ಈ ಬೀದೀಲಿ ನೀನೊಬ್ಬನೇ ಯಾರ ಹತ್ರಾನೂ ಏನೂ ಇಸ್ಕೊಂಡಿಲ್ಲ" ಎಂದಳು ಅಜ್ಜಿ. "ಬಾ."

ಒಂದು ತೆಂಗಿನ ಚಿಪ್ಪಿಗೆ ಸ್ವಲ್ಪ ಹಾಲು ಬಿಟ್ಟಳು. ಉಳಿದ ಹಾಲಿಗೆ ಹೆಪ್ಪು ಬಿಟ್ಟಳು. ಮುಚ್ಚಳ ಹಾಕಿದಳು.

ಟಕ್.

ಬೆಕ್ಕು ಹಾಲು ಕುಡಿಯಿತು. ಚಿಪ್ಪಿನ ಅಂಚು ನೆಕ್ಕಿತು. ತಳ ನೆಕ್ಕಿತು. ಆಮೇಲೆ ಚಿಪ್ಪನ್ನು ಮೂತಿಯಿಂದ ತಳ್ಳುತ್ತಾ, ತಳ್ಳುತ್ತಾ ಅಜ್ಜಿಯ ಕಾಲ ಬಳಿ ತಂದು ಬಿಟ್ಟಿತು. ಬಾಲ ನೆಟ್ಟಗೆ ಮಾಡಿಕೊಂಡು ಹೊರಟುಹೋಯಿತು.

ಅಜ್ಜಿ ಚಿಪ್ಪನ್ನು ಬಗ್ಗಿ ನೋಡಿದಳು. ಒಳಗೆ ಚಕ್ಕುಲಿ ಇರಲಿಲ್ಲ. ಉಂಡೆ ಇರಲಿಲ್ಲ. ಏನೂ ಇರಲಿಲ್ಲ.

"ಖಾಲಿ ಚಿಪ್ಪು ಕೊಟ್ಟು ಹೋಗ್ತಿದೆಯಲ್ಲ! ಮರ್ಯಾದೆ ಗೊತ್ತಿಲ್ಲದ ಪ್ರಾಣಿ!" ಎಂದಳು ಅಜ್ಜಿ.

ಸಾಲುಮನೆ ಬೀದಿಯಲ್ಲಿ ಇಸ್ಕೊಂಡಿದ್ದನ್ನು ಅದೇ ದಿನ ಹಿಂದಕ್ಕೆ ಕೊಟ್ಟವರು, ಇಲ್ಲಿಯವರೆಗೆ, ಆ ಬೆಕ್ಕು ಒಂದೇ.